ಎಡಕ್ಕೆ ನಾನು, ಬಲಕ್ಕೆ ಸುಲೋಚನಾ

ಹೊಸ ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ನನ್ನ ದವಡೆ ತಾನಾಗಿಯೇ ಬಿಗಿಯುತ್ತದೆ. ಹೋದ ವಾರ ಹಮಾಲರು ಈ ಹಂಗಾಮಿನ ಅಕ್ಕಿಚೀಲಗಳನ್ನು ನನ್ನ ಹಿಂದಿನ ಕೋಣೆಗೆ ತಂದು ಪೇರಿಸುತ್ತಿದ್ದರು. ನಾನು ವರಾಂಡದಲ್ಲಿ ಕ್ರಾಸ್‌ವರ್ಡ್ ಬಿಡಿಸುತ್ತ ಕೂತಿದ್ದೆ. ಸೆಣಬು, ತೌಡು, ಸುಡುಬಿಸಿಲು ಮೂರೂ ಬೆರೆತ ಆ ವಾಸನೆ ಬಾಗಿಲು ದಾಟಿ ಬಂದದ್ದೇ ತಡ, ಎರಡು ವರ್ಷದ ಹಿಂದಿನ ಬೇಸಿಗೆ ಎದ್ದು ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತುಬಿಟ್ಟಿತು. ಪೆನ್ನು ಮುಚ್ಚಿಟ್ಟೆ.

ವಯಸ್ಸಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ. ನನಗೆ ಒಂದು ಕಂಟ್ರಿ ರಾಕ್ ಹಾಡು ರೆಕಾರ್ಡ್ ಮಾಡಬೇಕು ಅನಿಸಿತು. ನಗುವವರು ನಗಲಿ. ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನಗೆ ಗಿಟಾರ್ ಹಿಡಿಯಲು ಕಲಿಸಿದ ಸಿಸ್ಟರ್ ಒಬ್ಬರಿದ್ದರು. ಭಾನುವಾರ ಪ್ರೇಯರ್ ಮುಗಿದ ಮೇಲೆ ಕುದುರೆ, ರೈಲು, ಉದ್ದನೆಯ ರಸ್ತೆ, ಮನೆ ಬಿಟ್ಟು ಹೋದವರು, ಇಂಥವುಗಳ ಹಾಡು ಹೇಳಿಕೊಡುತ್ತಿದ್ದರು. ಆ ಧಾಟಿ ಮೈಗೆ ಅಂಟಿಕೊಂಡದ್ದು ಹೋಗಲೇ ಇಲ್ಲ. ಗಂಗಾವತಿಯ ಹೈಸ್ಕೂಲಿನಲ್ಲಿ ಇಡೀ ಸರ್ವೀಸು ಇಂಗ್ಲಿಷ್ ಕಲಿಸಿದೆ, ರಿಟೈರ್ ಆದೆ, ಮದುವೆ ಗಿದುವೆ ಆಗಲಿಲ್ಲ, ಗಿಟಾರ್ ಮಾತ್ರ ಬಿಡಲಿಲ್ಲ. ಎಪ್ಪತ್ತು ದಾಟಿದ ವರ್ಷ ಒಂದು ಎಲೆಕ್ಟ್ರಿಕ್ ಗಿಟಾರನ್ನೂ ತಂದುಕೊಂಡೆ.

ನನ್ನ ಹತ್ತಿರ ಇದ್ದದ್ದು ಒಂದೇ ಹಾಡು. ಹೆಸರು "ಹಿಟ್ನಾಳ ಕ್ರಾಸ್". ನಾನು ಒಂಬತ್ತನೇ ಕ್ಲಾಸು, ತಂಗಿ ಸುಲೋಚನಾ ಏಳನೆಯದು. ರಜೆ ಮುಗಿಸಿ ಕುಷ್ಟಗಿಯಿಂದ ಬಳ್ಳಾರಿಗೆ ಹೊರಟಿದ್ದೆವು. ಹಿಟ್ನಾಳದಲ್ಲಿ ಬಸ್ಸು ನಿಂತಾಗ ಇವಳು ನೀರು ಕುಡಿಯಲು ಇಳಿದಳು, ಇವಳನ್ನು ಕರೆಯಲು ನಾನು ಇಳಿದೆ, ನಮ್ಮ ಟ್ರಂಕು ಹೊತ್ತುಕೊಂಡು ಬಸ್ಸು ಹೋಯಿತು. ಮುಂದಿನ ಬಸ್ಸು ಬರುವತನಕ ನಾಲ್ಕು ತಾಸು ಒಂದು ಬೇವಿನ ಗಿಡದ ಕೆಳಗೆ ಕೂತು, ಜಗಳಾಡಿ, ಅತ್ತು, ಕೊನೆಗೆ ಬೇಜಾರು ಕಳೆಯಲು ಕಟ್ಟಿದ ಹಾಡು ಅದು.

"ಹಿಟ್ನಾಳ ಕ್ರಾಸಿನಾಗ ಬಸ್ಸು ಹೋತು, ಧೂಳಷ್ಟ ಉಳೀತು,
ಡ್ರೈವರಣ್ಣಾ, ಹಿಂದಕ ನೋಡೋ, ಕೈ ಮಾಡಾಕತ್ತೇನಿ."

ಮೊದಲ ನುಡಿ ನನ್ನದು. ಎರಡನೆಯದು ಸುಲುವಿನದು. ಪಲ್ಲವಿ ಇಬ್ಬರದು. ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಇಬ್ಬರೂ ಕೂಡಿ ಹಾಡಿದೆವು. ಆದರೆ ನನ್ನ ರಿಟೈರ್‌ಮೆಂಟ್ ದಿನ ಸ್ಕೂಲಿನ ಸನ್ಮಾನದಲ್ಲಿ ನಾನೊಬ್ಬಳೇ ಗಿಟಾರ್ ಹಿಡಿದು ಅದನ್ನು ಹಾಡಿದೆ. ಹಾಡುವ ಮೊದಲು ಮೈಕಿನಲ್ಲಿ, "ಇದು ನಾನು ಹುಡುಗಿಯಾಗಿದ್ದಾಗ ಬರೆದ ಹಾಡು" ಎಂದೆ. ಮೂರನೇ ಸಾಲಿನಲ್ಲಿ ಸುಲು ಕೂತಿದ್ದಳು, ನನಗಾಗಿಯೇ ತಾವರಗೇರಾದಿಂದ ಬಂದಿದ್ದಳು. ಅವಳ ನುಡಿಯನ್ನೂ ನಾನೇ ಹಾಡಿದೆ. ಚಪ್ಪಾಳೆ ಬಿತ್ತು. ಊಟಕ್ಕೆ ಎದ್ದಾಗ ಅವಳ ಕುರ್ಚಿ ಖಾಲಿ. ಅಲ್ಲಿಂದ ಹನ್ನೊಂದು ವರ್ಷ ಮಾತಿಲ್ಲ. ನಾನೂ ಆಡಿಸಲಿಲ್ಲ. ಒಂದು ಹಾಡಿಗೆ ಇಷ್ಟು ರೋಷವೇ, ವಾಟ್ ನಾನ್‌ಸೆನ್ಸ್ ಎಂದು ನನಗೂ ಸಿಟ್ಟು.

ನನ್ನ ಮನೆ ಇರುವುದು ರೈಸ್ ಮಿಲ್ಲುಗಳ ಬೆನ್ನಿಗೆ. ಹಿಂದಿನ ದೊಡ್ಡ ಕೋಣೆಯನ್ನು ಒಬ್ಬ ಅಕ್ಕಿ ವ್ಯಾಪಾರಿಗೆ ಬಾಡಿಗೆ ಕೊಟ್ಟಿದ್ದೇನೆ. ಆ ಬೇಸಿಗೆ ಎರಡನೇ ಬೆಳೆ ಚೆನ್ನಾಗಿ ಬಂದಿತ್ತು, ಮೂರು ಗೋಡೆಗೂ ಸೂರಿನವರೆಗೆ ಚೀಲ ಪೇರಿಸಿದ್ದರು. ರೆಕಾರ್ಡಿಂಗ್ ಮಾಡಲು ಕರೆಸಿದ್ದು ಖಾಜಾಸಾಬನನ್ನು. ಮದುವೆ ಮನೆಗಳಿಗೆ ಮೈಕ್ ಸೆಟ್ ಕೊಡುತ್ತಾನೆ, ಅಂಗಡಿಯ ಒಳಗೆ ಕಂಪ್ಯೂಟರ್ ಇಟ್ಟುಕೊಂಡು ಭಜನೆ, ಜಾನಪದ, ಕವ್ವಾಲಿ ಎಲ್ಲ ರೆಕಾರ್ಡ್ ಮಾಡಿಕೊಡುತ್ತಾನೆ. ಐವತ್ತರ ಹತ್ತಿರದವನು. ಒಂದು ಕಾಲಕ್ಕೆ ನನ್ನ ಕ್ಲಾಸಿನಲ್ಲಿ ಟೆನ್ಸ್ ತಪ್ಪಿ ಬೆಂಚಿನ ಮೇಲೆ ನಿಂತವನು. ಮನೆಯೆಲ್ಲ ಸುತ್ತಾಡಿ ಒಂದೊಂದು ಕೋಣೆಯಲ್ಲೂ ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟ. ಚೀಲದ ಕೋಣೆಯಲ್ಲಿ ತಟ್ಟಿದವನು ಮತ್ತೊಮ್ಮೆ ತಟ್ಟಿದ.

"ಟೀಚರ್ರೀ, ಇಲ್ಲಿ ದನಿ ಹೊಳ್ಳೇ ಬರಂಗಿಲ್ಲಲ್ರಿ! ಅಕ್ಕಿ ಪೂರಾ ಕುಡದುಬಿಡತೈತಿ. ಬೆಂಗಳೂರಾಗ ಇಂಥಾ ರೂಮ್ ಮಾಡಾಕ ಗೋಡೀಗೆ ಸ್ಪಂಜ್ ಬಡೀತಾರ."

ಹೀಗೆ ನನ್ನ ಸ್ಟುಡಿಯೋ ಆಯಿತು. ನಾನು ಎರಡೂ ಗಿಟಾರ್ ನುಡಿಸಿದೆ, ಬ್ಯಾಂಡ್ ಕಂಪನಿಯ ಯಮನೂರಪ್ಪ ಬಂದು ಡ್ರಮ್ ಬಾರಿಸಿದ, ಖಾಜಾ ಕೀಬೋರ್ಡಿನಲ್ಲಿ ಬೇಸ್ ಹಾಕಿದ. ನಾನು ಎಲ್ಲವನ್ನೂ ಹಾಡಿದೆ. ಮಾರನೇ ದಿನ ಅಂಗಡಿಯಲ್ಲಿ ಕೇಳಿಸಿದಾಗ ತಳದಲ್ಲಿ ಗುಂಯ್ ಎಂದು ಒಂದು ಸದ್ದು.

"ಮಿಲ್ ಕುಂತೈತ್ರಿ ತಳದಾಗ," ಅಂದ ಖಾಜಾ. "ಕೆಳಗಿಂದು ಕತ್ತರಿಸಿದ್ರ ಮಿಲ್ಲೂ ಹೋಕ್ಕೈತಿ, ನಿಮ್ಮ ಗಿಟಾರಿನ ಹೊಟ್ಟೀನೂ ಹೋಕ್ಕೈತಿ. ಮಧ್ಯಾಹ್ನ ಒಂದು ತಾಸು ಮಿಲ್ ನಿಂದ್ರಸ್ತಾರಲ್ಲ, ಆವಾಗ ಮತ್ತ ಹೊಡೀರಿ." ಆಮೇಲೆ ತಲೆ ಕೆರೆದುಕೊಂಡ. "ಇನ್ನೊಂದು ಮಾತು ಐತ್ರಿ. ಹೇಳಲೋ ಬ್ಯಾಡೋ."

"ಹೇಳು. ಈಗ ಬೆಂಚ್ ಮೇಲೆ ನಿಲ್ಲಿಸಲ್ಲ."

"ಹಾಡು ಅರ್ಧಾ ಐತ್ರಿ. ನಿಮ್ಮ ದನಿ ಮ್ಯಾಲ ಇನ್ನೊಂದು ಇರಬೇಕು. ಯಾರೋ ಎದ್ದು ಹೋದಂಗ ಕೇಳ್ತೈತಿ."

ಎಷ್ಟು ಕೋಪ ಬಂತೆಂದರೆ ಹೆಡ್‌ಫೋನ್ ಕಿತ್ತು ಟೇಬಲ್ ಮೇಲೆ ಕುಕ್ಕಿ ಮನೆಗೆ ಬಂದೆ. ಎರಡು ದಿನ ಅವನನ್ನು ಬೈದುಕೊಂಡೆ. ಮೂರನೇ ದಿನ ಫೋನ್ ಎತ್ತಿಕೊಂಡೆ.

ಸುಲು ತಾವರಗೇರಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಂಡ ತೀರಿಕೊಂಡ ಮೇಲೆ ತಾನೇ ಬೆಲ್ಟ್ ಹಾಕಿ, ಸವೆದ ಬೀಸುಕಲ್ಲಿಗೆ ಹಲ್ಲು ಕುಟ್ಟಿ ಮೂವತ್ತು ವರ್ಷ ಓಡಿಸಿದವಳು. ನನ್ನಷ್ಟೇ ಕಾನ್ವೆಂಟ್ ಕಲಿತವಳು, ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ಗಿರಣಿ ಸದ್ದಿನ ಮೇಲೆ ಗಿರಾಕಿಗಳ ಜೊತೆ ಮಾತಾಡಿ ಅವಳ ದನಿ ಕಬ್ಬಿಣವಾಗಿದೆ. ನನ್ನದು ಕ್ಲಾಸ್‌ರೂಮಿನ ನಾಲ್ಕು ಗೋಡೆಗೆ ಅಳೆದಿಟ್ಟ ದನಿ.

"ಗೊತ್ತಾತು ಯಾರಂತ," ಅಂದಳು. "ಯಾರರ ಸತ್ತಾರೇನು?"

"ಇಲ್ಲ. ಹಿಟ್ನಾಳ ಕ್ರಾಸ್ ರೆಕಾರ್ಡ್ ಮಾಡಾಕತ್ತೇನಿ. ಎರಡನೇ ದನಿ ಬೇಕಾಗಿತ್ತು."

"ಎರಡನೇದು ಅಂದ್ರ ಯಾರದಕ್ಕ? ಒಂದನೇದು ನಿಂದು ಅಂತ ಯಾರು ಬರಕೊಟ್ಟಾರ?"

ಅವಳ ಹಿಂದೆ ಗಿರಣಿ ಗಡಗಡ ಅನ್ನುತ್ತಿತ್ತು.

"ಬರ್ತೀನಿ," ಎಂದಳು ಕೊನೆಗೆ. "ಒಂದ ಕಂಡೀಶನ್. ನನ್ನ ದನಿ ನಿನ್ನ ದನಿಗಿಂತ ಒಂದೆಳಿ ಕಡಿಮಿ ಇರಬಾರ್ದು. ಹೆಚ್ಚೂ ಬ್ಯಾಡ. ಸಮ. ಸಮ ಇಲ್ಲಂದ್ರ ಆ ಹಾಡು ಎಲ್ಲೂ ಹೊರಗ ಬರಬಾರ್ದು, ಮತ್ತ ನಿನಗ ತಂಗಿ ಇದ್ಲು ಅನ್ನೂದನ್ನ ಮರತುಬಿಡು."

ಆಯಿತು ಅಂದೆ. ಹಾಡು ನೆಪ, ನನಗೆ ಬೇಕಾಗಿದ್ದದ್ದು ಇವಳೇ ಎಂದು ಆಗ ಯಾರಾದರೂ ಹೇಳಿದ್ದರೆ ಬಾಗಿಲು ತೋರಿಸುತ್ತಿದ್ದೆ.

ಅವಳು ಬಂದದ್ದು ತನ್ನ ನೀರಿನ ಬಾಟಲಿ, ತನ್ನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ನನ್ನ ಮನೆಯ ಚಹಾ ಮುಟ್ಟಲಿಲ್ಲ. ಮಿಲ್ಲು ನಿಂತ ಆ ಒಂದು ತಾಸಿನಲ್ಲಿ, ಫ್ಯಾನ್ ಹಾಕಿದರೆ ಸದ್ದು ಎಂದು ಅದನ್ನೂ ಆರಿಸಿ, ಚೀಲಗಳ ನಡುವೆ ಎರಡು ಮೈಕ್ ಮುಂದೆ ಇಬ್ಬರು ಮುದುಕಿಯರು ಬೆವರು ಸುರಿಸುತ್ತ ನಿಂತೆವು. ಬೆನ್ನಿಗೆ ಬೆನ್ನು. ಮುಖ ನೋಡಿಕೊಂಡು ಹಾಡಿರಿ ಎಂದು ಖಾಜಾ ಹೇಳಿದ್ದಕ್ಕೆ ಅವಳು, "ಮಾರಿ ನೋಡಿದ್ರ ದನಿ ಹೊಂಡಂಗಿಲ್ರಿ ನಂಗ" ಅಂದಳು. ಪಲ್ಲವಿಯಲ್ಲಿ ಅವಳ ದನಿ ನನ್ನದರ ಮೇಲೆ ಏರಿದಾಗ ನನ್ನ ತೋಳಿನ ಕೂದಲು ಎದ್ದು ನಿಂತವು. ಅದಕ್ಕೂ ನನಗೆ ಸಿಟ್ಟೇ ಬಂತು. ಅರವತ್ತೊಂಬತ್ತು ವರ್ಷದ ಗಂಟಲು, ಪ್ರಾಕ್ಟೀಸ್ ಇಲ್ಲ ಏನಿಲ್ಲ, ಹೌ ಡೇರ್ ಶಿ!

ರೆಕಾರ್ಡಿಂಗ್ ನಾಲ್ಕೇ ದಿನದಲ್ಲಿ ಮುಗಿಯಿತು. ಯುದ್ಧ ಶುರುವಾದದ್ದು ಮಿಕ್ಸಿಂಗಿಗೆ.

ತಿಳಿಯದವರಿಗೆ ಹೇಳುತ್ತೇನೆ. ಮಿಕ್ಸಿಂಗ್ ಎಂದರೆ ಬೇರೆ ಬೇರೆಯಾಗಿ ಹಿಡಿದ ಸದ್ದುಗಳನ್ನು ಒಂದು ಮನೆಯಲ್ಲಿ ಸಂಸಾರ ಮಾಡಿಸುವುದು. ಯಾರು ಜೋರು, ಯಾರು ಮೆಲ್ಲಗೆ, ಯಾರು ಮುಂದಿನ ಕೋಣೆಯಲ್ಲಿ, ಯಾರು ಹಿತ್ತಲಲ್ಲಿ. ಖಾಜಾನ ಮೊದಲ ಮಿಕ್ಸ್ ಮದುವೆ ಮೆರವಣಿಗೆಯ ಹಾಗಿತ್ತು. ಡ್ರಮ್ಮು ಎದೆಗೆ ಗುದ್ದುತ್ತಿತ್ತು, ನಾವಿಬ್ಬರೂ ಜನರ ಕಾಲ ಕೆಳಗೆ ಸಿಕ್ಕಂತಿದ್ದೆವು. ಡ್ರಮ್ ಇಳಿಸಿದ. ನನ್ನ ಗಿಟಾರೂ ಸುಲುವಿನ ದನಿಯೂ ಒಂದೇ ಜಾಗದಲ್ಲಿ ತಿಕ್ಕಾಡುತ್ತವೆ ಎಂದು ಗಿಟಾರಿನ ನಡು ಸ್ವರಗಳನ್ನು ಸ್ವಲ್ಪ ಕೆರೆದು ತೆಗೆದ. ಕೆಸರು ಕಳೆದು ಹಾಡು ತಿಳಿಯಾಯಿತು. ಅದು ನಿಜಕ್ಕೂ ಜಾಣತನದ ಕೆಲಸ. ಇಷ್ಟಕ್ಕೇ ನಿಲ್ಲಿಸಬಹುದಿತ್ತು.

ಆದರೆ ಸುಲು ವಾರಕ್ಕೆರಡು ಸಲ ತಾವರಗೇರಾದಿಂದ ಬಸ್ಸು ಹತ್ತಿ ಬಂದು, ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುತ್ತಿದ್ದಳು.

"ನನ್ನ ದನಿ ಕೊಡದಾಗ ಇಟ್ಟಂಗ ಐತಿ. ಇಕಿದು ಕಟ್ಟೀ ಮ್ಯಾಲ ಕುಂತೈತಿ."

"ನಿನ್ನ ದನಿಯೇ ಹಾಗಿದೆ," ಅಂದೆ.

"ನೀ ಸುಮ್ನಿರಕ್ಕ, ನಾ ಖಾಜಾಗ ಹೇಳಾಕತ್ತೇನಿ. ನಿನ್ನ ಇಂಗ್ಲಿಷ್ ನಿನ್ನ ಕಡೇನ ಇರಲಿ."

"ಇಬ್ಬರದೂ ಸಮಾನ ಐತ್ರಿ ಅಮ್ಮಾರ," ಎಂದು ಖಾಜಾ ಪರದೆ ತೋರಿಸುತ್ತಿದ್ದ. "ಮೀಟರ್ ನೋಡ್ರಿ, ಎರಡೂ ಒಂದ ಮಟ್ಟಕ್ಕ ಏರ್ತಾವ."

"ಮೀಟರ್ ಕೇಳಂಗಿಲ್ಲ. ನಾ ಕೇಳ್ತೀನಿ."

ನಾನು ಮನೆಗೆ ಬಂದ ಮೇಲೆ ಖಾಜಾಗೆ ಫೋನ್ ಮಾಡಿ, ಅವಳಿಗೆ ಗೊತ್ತಾಗದ ಹಾಗೆ ನನ್ನದನ್ನು ಒಂದು ಚೂರು ಏರಿಸು ಎಂದೆ. ಮಾರನೇ ವಾರ ಹಾಡು ಕೇಳಿದಾಗ ಏರಿತ್ತು. ಆದರೂ ಸಾಲದು ಅನಿಸಿತು. ಮತ್ತೆ ಫೋನ್ ಮಾಡಿದೆ. ಮೂರು ವಾರದಲ್ಲಿ ಹಾಡಿನಲ್ಲಿ ಗಿಟಾರ್ ಇಲ್ಲ, ಡ್ರಮ್ ಇಲ್ಲ, ಇಬ್ಬರು ಹೆಂಗಸರು ನಲ್ಲಿಕಟ್ಟೆಯಲ್ಲಿ ಅರಚಿದ ಹಾಗೆ ಕೇಳತೊಡಗಿತು. ಪಲ್ಲವಿಯಲ್ಲಿ ದನಿಗಳು ಹರಿದು ಗರಗರ ಅಂದವು. ಅವತ್ತು ಖಾಜಾ ಮೌಸ್ ಬಿಟ್ಟು ಎರಡೂ ಕೈ ಎತ್ತಿದ.

"ಬಾಯಿ ಬಿಡ್ತೀನ್ರಿ ಇನ್ನ. ಮಂಗಳವಾರ ಟೀಚರ್ ಫೋನು, ನಂದು ಏರ್ಸು. ಬುಧವಾರ ಸುಲಮ್ಮಾರ ಫೋನು, ನಂದು ಏರ್ಸು. ಇಬ್ಬರೂ ಅದ ಮಾತು, 'ಆಕಿಗೆ ಹೇಳಬ್ಯಾಡ'. ಯಾ ಅಲ್ಲಾ, ನಾ ಏರ್ಸೇನಿ, ಏರ್ಸೇನಿ, ಇನ್ನ ಮಾಳಗಿ ಹತ್ತೈತ್ರಿ ದನಿ!"

ನಾನೂ ಸುಲೂ ಒಬ್ಬರನ್ನೊಬ್ಬರು ನೋಡಿದೆವು. ಅಲ್ಲಿ ನಕ್ಕುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳ ತುಟಿ ಒಂದು ಕ್ಷಣ ಅಲುಗಿದ್ದು ನನಗೆ ಕಂಡಿತ್ತು. "ನೀನೂ ಕದ್ದು ಮಾಡ್ತೀಯಾ?" ಅಂದುಬಿಟ್ಟೆ ನಾನು. "ನಿನ್ನ ಕಡಿಂದ ಕಲತದ್ದು," ಅಂದಳು. ಮುಗಿಯಿತು.

ಆಗ ಖಾಜಾನೇ ಒಂದು ಉಪಾಯ ತೆಗೆದ. "ಹೊಲ ಹಂಚಿದಂಗ ಹಂಚಿಬಿಡ್ತೀನಿ. ಟೀಚರ್ ಪೂರಾ ಎಡಗಿವ್ಯಾಗ, ಸುಲಮ್ಮಾರು ಪೂರಾ ಬಲಗಿವ್ಯಾಗ. ನಡುವ ಬದುವಿಗೆ ಡ್ರಮ್ಮು, ಗಿಟಾರು. ಯಾರೂ ಯಾರ ಹೊಲಕ್ಕೂ ಕಾಲಿಡಂಗಿಲ್ಲ." ಹೆಡ್‌ಫೋನಿನಲ್ಲಿ ಕೇಳಿಸಿದ. ಅದ್ಭುತವಾಗಿತ್ತು. ನನ್ನ ಬಲಗಿವಿಯ ತುಂಡನ್ನು ಎತ್ತಿ, "ನೋಡ್ರಿ, ಈಗ ಸುಲಮ್ಮಾರು ಇಲ್ಲವೇ ಇಲ್ಲ," ಎಂದ. ಅದನ್ನು ಇಟ್ಟು ಎಡದ್ದನ್ನು ಎತ್ತಿ, "ಈಗ ನೀವಿಲ್ಲ," ಎಂದ. ಸುಲು ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ ಸಾದಾ ದನಿಯಲ್ಲಿ, "ಹಿಂಗಿದ್ರ ಅಡ್ಡಿಯಿಲ್ಲ," ಎಂದಳು. ಅವತ್ತು ಬಸ್‌ಸ್ಟ್ಯಾಂಡ್‌ವರೆಗೆ ಅವಳ ಜೊತೆ ನಡೆದು ಹೋದೆ.

ಕೊನೆಗೆ ಒಂದು ಪರೀಕ್ಷೆ ಉಳಿದಿತ್ತು. ಖಾಜಾ ಯಾವ ಹಾಡನ್ನೂ ಟ್ರ್ಯಾಕ್ಟರಿನಲ್ಲಿ ಕೇಳದೆ ಪಾಸು ಮಾಡುವುದಿಲ್ಲ. ನಮ್ಮ ಕಡೆ ಟ್ರ್ಯಾಕ್ಟರ್ ಅಂದರೆ ದೊಡ್ಡ ದೊಡ್ಡ ಸೌಂಡ್ ಬಾಕ್ಸು, ಹಾಡು ಹಾಕದೆ ಇಂಜಿನ್ನೇ ಸ್ಟಾರ್ಟ್ ಆಗುವುದಿಲ್ಲವೇನೋ ಅನ್ನುವ ಹಾಗೆ. "ಹೆಡ್‌ಫೋನಿನಾಗ ಎಲ್ಲಾ ಹಾಡೂ ಛಲೋನ ಕೇಳ್ತಾವ್ರಿ. ಟ್ರ್ಯಾಕ್ಟರಿನಾಗ, ಇಂಜಿನ್ ಮ್ಯಾಲ ಕೇಳಿದ್ರ ಅದು ಹಾಡು." ಯಮನೂರಪ್ಪನ ಅಳಿಯ ದುರಗಪ್ಪನ ಟ್ರ್ಯಾಕ್ಟರ್ ನವಲಿಯಲ್ಲಿತ್ತು. ಕಟಾವು ನಡೆದಿತ್ತು. ನಾನು, ಸುಲು, ಖಾಜಾ ಮೂವರೂ ಹೋದೆವು.

ಕಾಲುವೆ ದಂಡೆಯ ಮೇಲೆ ಟ್ರೇಲರ್ ನಿಂತಿತ್ತು. ಹದಿನೈದು ಇಪ್ಪತ್ತು ಆಳು, ಹೆಂಗಸರೇ ಹೆಚ್ಚು, ನೆಲ್ಲು ಚೀಲಕ್ಕೆ ತುಂಬುತ್ತಿದ್ದರು. ಮಧ್ಯಾಹ್ನ ಒಂದೂಮುಕ್ಕಾಲು, ಬಿಸಿಲು ತಲೆ ಬುರುಡೆ ಕಾಯಿಸುತ್ತಿತ್ತು. ಸುಲು ದೂರದ ಜಾಲಿ ನೆರಳಿಗೆ ಹೋಗಿ ಕೂತಳು. ಖಾಜಾ ಹಾಡು ಇದ್ದ ಫೋನನ್ನು ದುರಗಪ್ಪನ ಕೈಗಿಟ್ಟು, "ನಮಾಜ್ ಮುಗಿಸಿ ಬರ್ತೀನಿ, ಒಂದ್ ಸಲ ಹಾಕಿ ಕೇಳಿಸ್ರಿ," ಎಂದು ಊರ ಮಸೀದಿಗೆ ಹೋದ. ನಾನು ಟ್ರ್ಯಾಕ್ಟರ್ ಪಕ್ಕದಲ್ಲಿ ನಿಂತಿದ್ದೆ. ದುರಗಪ್ಪ ಫೋನಿಗೆ ವೈರ್ ಚುಚ್ಚುತ್ತ ತನ್ನ ಕೈಚಳಕ ಹೇಳಿಕೊಂಡ.

"ಬಲಗಡೆ ವೈರು ಇಲಿ ಕಡದೈತ್ರಿ ಅಮ್ಮಾರ. ನಾ ಏನ್ ಮಾಡೇನಿ, ಎಡಗಡೆ ಒಂದ ವೈರ್ ತಗೊಂಡು ಎರಡೂ ಬಾಕ್ಸಿಗೆ ಜೋಡಿಸಿಬಿಟ್ಟೇನಿ. ಸೌಂಡಿಗೆ ಏನೂ ಕಮ್ಮಿ ಇಲ್ಲ. ಯಾರಿಗೂ ಗೊತ್ತಾಗಂಗಿಲ್ಲ!"

ಹಾಡು ಶುರುವಾಯಿತು. ಗಿಟಾರ್ ಬಂತು, ಡ್ರಮ್ ಬಂತು, ಇಡೀ ಕಾಲುವೆಯ ಮೇಲೆ ನನ್ನ ದನಿ ಬಂತು. ಪಲ್ಲವಿ ಬಂತು. ನಾನೊಬ್ಬಳೇ. ಆಗಲೇ ನನಗೆ ತಿಳಿಯಿತು. ಎಡಗಡೆಯ ಒಂದೇ ವೈರು, ಎಡಗಡೆ ಇರುವುದು ನಾನು. ಕೈ ಎತ್ತಿ "ನಿಲ್ಲಿಸಪ್ಪ" ಅಂದಿದ್ದರೆ ಸಾಕಿತ್ತು.

ಅನ್ನಲಿಲ್ಲ. ಹೆಂಗಸರು ಕೆಲಸ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. "ಯವ್ವಾ, ಈ ಅಮ್ಮಾರ ದನಿಯಂತ ನೋಡ!" ಎಂದಳು ಒಬ್ಬಳು. ಅಷ್ಟು ದೊಡ್ಡ ಬಾಕ್ಸಿನಲ್ಲಿ, ಅಷ್ಟು ಬಿಸಿಲಿನಲ್ಲಿ, ನನ್ನ ತೆಳು ದನಿ ಎಷ್ಟು ಚೆನ್ನಾಗಿ ಕೇಳುತ್ತಿತ್ತು! ಇನ್ನೊಂದು ಸಾಲು, ಆಮೇಲೆ ಹೇಳೋಣ ಅಂದುಕೊಂಡೆ. ಎರಡನೇ ನುಡಿ ಬಂತು, ಸುಲು ಒಬ್ಬಳೇ ಹಾಡಿದ ನುಡಿ. ಬಾಕ್ಸಿನಿಂದ ಬರೀ ಡ್ರಮ್ಮು, ಗಿಟಾರು. ಮಾತಿಲ್ಲ. ಕುಣಿಯಲಿಕ್ಕೆ ಬಿಟ್ಟ ಜಾಗ ಎಂದು ತಿಳಿದು ಇಬ್ಬರು ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿಕೊಂಡು ಕುಣಿಯತೊಡಗಿದರು. ಉಳಿದವರು ಚಪ್ಪಾಳೆ ಹಾಕಿದರು.

ಸುಲು ನೆರಳಿನಿಂದ ಎದ್ದು ಬಂದಳು. ಓಡಲಿಲ್ಲ. ನನ್ನ ಎದುರು ನಿಂತಳು.

"ತಗಸಿಬಿಟ್ಟಿ?"

ಅವಳ ದನಿ ಆ ಸದ್ದಿನ ಮೇಲೂ ಸ್ಪಷ್ಟವಾಗಿ ಕೇಳಿಸಿತು. ನಾನು ಬಾಯಿ ತೆರೆದೆ. ವೈರು ಎಂಬ ಎರಡಕ್ಷರ ಹೇಳಬೇಕಿತ್ತು. "ಈಗ ಕೂಗಾಡಬೇಡ, ಜನ ನೋಡ್ತಾ ಇದ್ದಾರೆ," ಎಂದೆ. ಟೀಚರ್ ದನಿಯಲ್ಲಿ.

ಅವಳು ತಲೆ ಅಲ್ಲಾಡಿಸಿದಳು, ಲೆಕ್ಕ ತಾಳೆಯಾದವರ ಹಾಗೆ. ಜಾಲಿ ನೆರಳಿನಿಂದ ಚೀಲ ಎತ್ತಿಕೊಂಡು ದಂಡೆಯ ಮೇಲೆ ರಸ್ತೆಯ ಕಡೆಗೆ ನಡೆದಳು. ಹಾಡು ಮುಗಿದ ಮೇಲೆ ದುರಗಪ್ಪ ಅದನ್ನೇ ಮತ್ತೊಮ್ಮೆ ಹಾಕಿದ. ಹೆಂಗಸರು ಕೇಳಿದರಂತೆ.

ಖಾಜಾ ವಾಪಸು ಬಂದವನು ಎರಡು ಸಾಲು ಕೇಳಿದ್ದೇ ಫೋನ್ ಕಿತ್ತುಕೊಂಡ. ವೈರಿನ ಕಡೆ ನೋಡಿದ, ಜಾಲಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ಸುಲಮ್ಮಾರು ಎಲ್ಲೆದಾರ?"

"ಹೋದಳು."

"ನಿಮಗ ಗೊತ್ತಾಗಲಿಲ್ಲೇನ್ರಿ?"

ನಾನು ಕಾಲುವೆಯ ಕಡೆ ತಿರುಗಿದೆ.

"ಗೊತ್ತಾಗಿತ್ತು," ಎಂದ ಅವನೇ. ಗಂಗಾವತಿಯಲ್ಲಿ ಮನೆ ಮುಂದೆ ಗಾಡಿಯಿಂದ ಇಳಿಸುವಾಗ ಒಂದು ಮಾತು ಹೇಳಿದ. "ಸಾಲ್ಯಾಗ ಸುಳ್ಳು ಹೇಳಿದ್ರ ಬಡೀತಿದ್ರಿ ನಮ್ಮನ್ನ. ಸುಮ್ಮನಿದ್ರೂ ಬಡೀತಿದ್ರಿ, ನೆನಪೈತಿ ನಂಗ."

ಸುಲು ಫೋನ್ ಎತ್ತಲಿಲ್ಲ. ಒಂದು ವಾರ, ಎರಡು ವಾರ. ಖಾಜಾನ ಅಂಗಡಿಗೆ ಹೋಗಿ, ಇಬ್ಬರನ್ನೂ ನಡುವೆ ತಂದು ಹೊಸ ಮಿಕ್ಸ್ ಮಾಡು, ಒಂದೇ ವೈರಿನಲ್ಲೂ ಇಬ್ಬರೂ ಕೇಳಬೇಕು ಎಂದೆ. ಅವನು ಕುರ್ಚಿಯಿಂದ ಎದ್ದ.

"ನಾ ಒಲ್ಲೆ. ನೀವ ಮಾಡ್ರಿ. ನಾ ಬಟನ್ ತೋರಸ್ತೀನಿ."

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೌಸ್ ಹಿಡಿದು ಕೂತೆ. ಅವನು ಹಿಂದಿನ ಸ್ಟೂಲಿನ ಮೇಲೆ ಕೂತು, ನನ್ನ ಕೈ ತಪ್ಪಿದಾಗಲೆಲ್ಲ "ಹೂಂ, ಮತ್ತ ಮಾಡ್ರಿ" ಅನ್ನುತ್ತಿದ್ದ, ಥೇಟ್ ನನ್ನ ಹಾಗೆ. ಇಬ್ಬರನ್ನೂ ನಡುವೆ ತಂದೆ. ಮತ್ತೆ ತಿಕ್ಕಾಟ. ಯಾರದು ಯಾರನ್ನು ಮುಚ್ಚುತ್ತಿದೆ ಎಂದು ನೋಡಲು ಸುಲುವಿನದನ್ನು ಮ್ಯೂಟ್ ಮಾಡಿ ಕೇಳಿದೆ. ಪಲ್ಲವಿಯಲ್ಲಿ ನಾನು ಹಾಡುತ್ತಿದ್ದದ್ದು ರಾಗವೇ ಅಲ್ಲ, ಅದರ ಕೆಳಗಿನ ಆಸರೆ. ಅವಳ ದನಿ ಇಲ್ಲದೆ ಅದು ಚಪ್ಪರವಿಲ್ಲದ ಕಂಬದ ಹಾಗೆ ನಿಂತಿತ್ತು. ನನ್ನದನ್ನು ಮ್ಯೂಟ್ ಮಾಡಿದೆ. ಪಲ್ಲವಿ ಪೂರ್ತಿಯಾಗಿತ್ತು. ಆ ಬೇವಿನ ಗಿಡದ ಕೆಳಗೆ ಪಲ್ಲವಿಗೆ ನಾನು ಮಾತು ಕಟ್ಟಿದ್ದೆ, ರಾಗ ಹಾಕಿದವಳು ಹನ್ನೆರಡು ವರ್ಷದ ಸುಲು. ಇದು ನನಗೆ ಐವತ್ತೇಳು ವರ್ಷದಿಂದ ಗೊತ್ತಿತ್ತು.

ನನ್ನ ದನಿಯನ್ನು ಇಳಿಸಿದೆ. ಅವಳ ಹಿಂದೆ, ಚೆನ್ನಾಗಿ ಹಿಂದೆ. ಮಾರನೇ ದಿನ ಅದನ್ನು ಫೋನಿಗೆ ಹಾಕಿಸಿಕೊಂಡು ತಾವರಗೇರಾದ ಬಸ್ಸು ಹತ್ತಿದೆ.

ಗಿರಣಿಯ ಮುಂದೆ ಜೋಳದ ಡಬ್ಬಿಗಳ ಸಾಲು, ಹೆಂಗಸರ ಗುಂಪು. ಸುಲು ನನ್ನನ್ನು ನೋಡಿದಳು. ಯಂತ್ರ ನಿಲ್ಲಿಸಲಿಲ್ಲ.

"ಪಾಳಿ ಐತಿ," ಅಂದಳು.

ಡಬ್ಬಿ ಇಲ್ಲದ ನಾನು ಡಬ್ಬಿಗಳ ಹಿಂದೆ ಪಾಳಿ ನಿಂತೆ. ಮುಕ್ಕಾಲು ತಾಸಾಯಿತು. ಸೀರೆ, ಕನ್ನಡಕ, ರೆಪ್ಪೆ ಎಲ್ಲ ಹಿಟ್ಟಾಯಿತು. ನನ್ನ ಸರದಿ ಬಂದಾಗ ಹಿಂದೆ ಇನ್ನೂ ಆರು ಜನ ಇದ್ದರು.

"ಏನ್ ತಂದಿ?"

"ಸುಲು, ಅವತ್ತು ಟ್ರ್ಯಾಕ್ಟರಿನಲ್ಲಿ ಒಂದೇ ವೈರ್ ಇತ್ತು," ಎಂದೆ.

"ಏನು? ಕೇಳವಲ್ದು."

"ಒಂದೇ ವೈರ್ ಇತ್ತು! ಎಡಗಡೇದು! ನಿನ್ನ ದನಿ ತೆಗೆಸಿರಲಿಲ್ಲ!"

"ಜೋರ್ ಹೇಳು!"

"ಒಂದ ವೈರ್ ಇತ್ತು! ನನಗ ಗೊತ್ತಿತ್ತು! ಗೊತ್ತಿದ್ದೂ ನಾ ಹೇಳಲಿಲ್ಲ!"

ನನ್ನ ಗಂಟಲು ಒಡೆಯಿತು. ಹಿಂದಿನ ಆರು ಹೆಂಗಸರೂ ಕೇಳಿದರು, ಎದುರಿನ ಪಾನ್ ಅಂಗಡಿಯವನೂ ಕೇಳಿದ. ಮೂವತ್ತು ವರ್ಷ ಆ ಸದ್ದಿನಲ್ಲಿ ಗಿರಾಕಿಗಳ ಪಿಸುಮಾತನ್ನೂ ಹಿಡಿದ ಕಿವಿ ಅವಳದು. ಮೊದಲ ಸಲವೇ ಕೇಳಿತ್ತೆಂದು ನನಗೆ ಗೊತ್ತು.

ಸುಲು ಕೈ ಚಾಚಿದಳು. ಫೋನ್ ಕೊಟ್ಟೆ, ಇಯರ್‌ಫೋನ್ ಕೊಟ್ಟೆ. ಆಗ ಗಿರಣಿ ನಿಲ್ಲಿಸಿದಳು. ನನಗಾಗಿ ಅಲ್ಲ, ಹಾಡಿಗಾಗಿ. ಮೊದಲು ಎಡಗಿವಿಯಲ್ಲಿ ಮಾತ್ರ ಇಟ್ಟು ಸ್ವಲ್ಪ ಕೇಳಿದಳು. ತೆಗೆದು ಬಲಗಿವಿಯಲ್ಲಿ ಮಾತ್ರ ಇಟ್ಟು ಕೇಳಿದಳು. ಆಮೇಲೆ ಎರಡನ್ನೂ ಇಟ್ಟುಕೊಂಡು ಪೂರ್ತಿ ಹಾಡು ಕೇಳಿದಳು, ಕಣ್ಣು ಮುಚ್ಚಿ. ಹಾಡು ಮುಗಿದ ಮೇಲೆ ಇಯರ್‌ಫೋನನ್ನು ಸುತ್ತಿ ನನ್ನ ಕೈಗೆ ಇಟ್ಟಳು.

"ನಿಂದು ಕಡಿಮಿ ಮಾಡೀ."

"ರಾಗ ನಿನ್ನದು, ಸುಲು. ಅದಕ್ಕೇ..."

"ದಾನಾ ಮಾಡಾಕ ಬಂದೀಯೇನ್ ನನಗ? ನೀ ಮ್ಯಾಲ ಇದ್ರೂ ನಿಂದ ಖುಷಿ, ಕೆಳಗ ಇದ್ರೂ ನಿಂದ ಖುಷಿ. ನಾ ಹೇಳಿದ್ದೇನು? ಸಮ. ಸಮ ಮಾಡು." ಯಂತ್ರದ ಬಟನ್ ಒತ್ತಿದಳು. "ಮುಂದಿನ ಡಬ್ಬಿ ತರ್ರಿ."

ವಾಪಸು ಬಂದು ಮತ್ತೆ ಆ ಕುರ್ಚಿಯಲ್ಲಿ ಕೂತೆ. ಒಂದು ಚೂರು ಏರಿಸಿದೆ, ಹೆಚ್ಚಾಯಿತು. ಇಳಿಸಿದೆ, ಕಡಿಮೆಯಾಯಿತು. ಮೀಟರ್ ನೋಡಬೇಡಿ ಎಂದು ಖಾಜಾ ಪರದೆಗೆ ಟವೆಲ್ ಹೊದಿಸಿದ. ಐದು ದಿನ ಹಿಡಿಯಿತು. ಆರನೇ ದಿನ ಪಲ್ಲವಿಯಲ್ಲಿ ನಾನು ಯಾವುದು, ಅವಳು ಯಾವುದು ಎಂದು ನನಗೇ ಹೇಳಲಾಗದ ಒಂದು ಜಾಗ ಸಿಕ್ಕಿತು. ಖಾಜಾ ಅದನ್ನು ದುರಗಪ್ಪನ ಟ್ರ್ಯಾಕ್ಟರಿಗೆ ಒಯ್ದು, ಅದೇ ಒಂದೇ ವೈರಿನಲ್ಲಿ ಹಾಕಿ ಕೇಳಿ ಬಂದ. "ಇಬ್ಬರೂ ಅದೀರಿ," ಎಂದ.

ವಾಟ್ಸಾಪಿನಲ್ಲಿ ಸುಲುವಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಮಾರನೇ ದಿನ ಮಧ್ಯಾಹ್ನ ಒಂದು ವಾಯ್ಸ್ ಮೆಸೇಜು. ಹಿಂದೆ ಗಿರಣಿ ಗಡಗಡ.

"ಈಗ ಸಮ ಐತಿ. ಇಬ್ಬರ ಹೆಸರೂ ಹಾಕಿ ಹೊರಗ ಬಿಡು. ನವಲ್ಯಾಗ ಆದದ್ದು ಸಮ ಆಗಂಗಿಲ್ಲ, ಇನ್ನ ನನಗ ಫೋನ್ ಮಾಡಬ್ಯಾಡ."

ಇಬ್ಬರ ಹೆಸರೂ ಹಾಕಿ ಬಿಟ್ಟೆ. ನವಲಿ, ಕನಕಗಿರಿ ಕಡೆಯ ಟ್ರ್ಯಾಕ್ಟರುಗಳಲ್ಲಿ ಈಗಲೂ ಒಮ್ಮೊಮ್ಮೆ ಕೇಳುತ್ತದೆಯಂತೆ. ಎರಡು ವರ್ಷವಾಯಿತು, ನಾನು ಫೋನ್ ಮಾಡಿಲ್ಲ. ಜೀವಮಾನದಲ್ಲಿ ಅವಳು ಹೇಳಿದ ಒಂದು ಮಾತನ್ನು, ಏರಿಸದೆ ಇಳಿಸದೆ, ಅವಳು ಹೇಳಿದ ಹಾಗೆಯೇ ನಡೆಸಿಕೊಡುತ್ತಿದ್ದೇನೆ.